ಪರದೆಯ ಬಣ್ಣ ಗೋಡೆಗೂ ಬಂತು

ಮಾಲೂರಿನಲ್ಲಿರುವ ಅಕ್ಕನ ಮನೆಗೆ ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಸಂಜೆ ಏಳರ ಹೊತ್ತು. ನಡುಮನೆಯ ದೀಪ ಆರಿಸಿದ್ದರು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರಿನಲ್ಲಿ ಕಡಲಿನ ಚಿತ್ರವೊಂದು ಓಡುತ್ತಿತ್ತು. ಅದರ ಹಿಂದಿನ ಸುಣ್ಣದ ಗೋಡೆಯೂ ನೀಲಿಯಾಗಿತ್ತು! ಚಿತ್ರದಲ್ಲಿ ಎಡಗಡೆ ಸೂರ್ಯ ಮುಳುಗತೊಡಗಿದ; ಗೋಡೆಯ ಎಡಭಾಗವೂ ಮೆಲ್ಲಗೆ ಕೇಸರಿಗೆ ತಿರುಗಿತು. ಪರದೆ ತನ್ನ ಚೌಕಟ್ಟನ್ನು ದಾಟಿ ಗೋಡೆಗೆ ಹರಿದಂತೆ ಕಾಣುತ್ತಿತ್ತು.

"ಹೊಸ ಟೀವಿ ತಂದ್ರಾ ಅಕ್ಕ?" ಎಂದೆ.

"ಎಲ್ಲಿಯ ಟೀವಿ! ಎಲ್ಲ ನಿನ್ನ ಅಳಿಯನ ಕಾರುಬಾರು. ಪಿಯುಸಿ ಎರಡನೇ ವರ್ಷ. ಓದೋ ಅಂದ್ರೆ ಗೋಡೆಗೆ ಬಣ್ಣ ಹಚ್ಚಿಕೊಂಡು ಕೂತಿದ್ದಾನೆ. ನೀನಾದ್ರೂ ಸ್ವಲ್ಪ ಬುದ್ಧಿ ಹೇಳು ಕಣೋ" ಎಂದಳು ಅಕ್ಕ.

ಬುದ್ಧಿ ಹೇಳಲೆಂದೇ ಹುಡುಗನ ಪಕ್ಕ ಕುರ್ಚಿ ಎಳೆದುಕೊಂಡೆ. ಅವನೋ, "ಬುದ್ಧಿ ಆಮೇಲೆ ಹೇಳೋರಂತೆ ಮಾಮ, ಮೊದಲು ಇದು ನೋಡಿ" ಎಂದು ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆದ. ಗೋಡೆಯೂ ಬೆಳ್ಳಗಾಗಬೇಕಿತ್ತಲ್ಲವೆ? ಆಗಲಿಲ್ಲ. ಒಂದು ತುದಿ ಮಾಸಿದ ಹಳದಿಯಾಯಿತು. ಇನ್ನೊಂದು ತುದಿ ಮಾಲೂರಿನ ಹೆಂಚಿನಂತೆ ಕೆಂಪಾಯಿತು. "ಬೇರೆ ಬಣ್ಣ ಎಲ್ಲಾ ಸರಿಯಾಗಿ ಬರ್ತವೆ. ಬಿಳೀದು ಮಾತ್ರ ಬರಲ್ಲ. ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೀನಿ" ಎಂದ.

ಆ ಕೆಂಪು ಮೂಲೆಯ ಹಿಂದೆ ಹೋದ ನಾವಿಬ್ಬರೂ ಕೊನೆಗೆ ತಲುಪಿದ್ದು ಕೋಲಾರದ ಚಿನ್ನದ ಗಣಿಗೆ. ಆ ಕತೆ ಮುಂದೆ ಹೇಳುತ್ತೇನೆ. ಮೊದಲು ಈ ದೀಪದ ಗುಟ್ಟೇನು, ಅದನ್ನು ಮನೆಯಲ್ಲಿ ಮಾಡುವುದು ಹೇಗೆ ಎಂಬುದನ್ನು ನೋಡೋಣ.

ಮೂರು ಬಣ್ಣಗಳ ಆಟ

ಪರದೆಯ ಅಂಚಿನಲ್ಲಿ ಯಾವ ಬಣ್ಣವಿದೆಯೋ ಅದೇ ಬಣ್ಣದ ಬೆಳಕನ್ನು ಅದರ ಹಿಂದಿನ ಗೋಡೆಗೆ ಚೆಲ್ಲುವುದು ಹೊಸ ವಿಚಾರವೇನಲ್ಲ. ಫಿಲಿಪ್ಸ್ ಕಂಪನಿ 2004ರಲ್ಲೇ 'ಆ್ಯಂಬಿಲೈಟ್' ಎಂಬ ಹೆಸರಿನಲ್ಲಿ ಇಂಥ ಟೀವಿಯನ್ನು ಮಾರುಕಟ್ಟೆಗೆ ತಂದಿತ್ತು. ಅಂಥ ಟೀವಿ ಎಲ್ಲರ ಕೈಗೆಟುಕುವಂಥದ್ದಲ್ಲ. ಆದರೆ ಬಣ್ಣ ಬದಲಿಸುವ ಪುಟ್ಟ ಎಲ್‌ಇಡಿ ದೀಪಗಳ ಪಟ್ಟಿಗಳು ಅಗ್ಗವಾದ ಮೇಲೆ ಲೋಕದ ನಾನಾ ಕಡೆ ಹವ್ಯಾಸಿಗಳು ತಾವೇ ಇದನ್ನು ಮಾಡಿಕೊಳ್ಳತೊಡಗಿದರು. ಅದಕ್ಕೆ ಬೇಕಾದ ತಂತ್ರಾಂಶಗಳನ್ನೂ ಬರೆದು ಉಚಿತವಾಗಿ ಹಂಚಿದರು.

ಈ ಪಟ್ಟಿಯ ಒಂದೊಂದು ದೀಪದೊಳಗೂ ಮೂರು ಕಿರುದೀಪಗಳಿವೆ: ಕೆಂಪು, ಹಸಿರು, ನೀಲಿ. ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಉರಿಸಿದರೆ ಬೇಕಾದ ಬಣ್ಣ ಬರುತ್ತದೆ. ಇಲ್ಲೊಂದು ಸೋಜಿಗ. ಡ್ರಾಯಿಂಗ್ ತರಗತಿಯಲ್ಲಿ ಕೆಂಪು ಬಣ್ಣಕ್ಕೆ ಹಸಿರು ಬೆರೆಸಿದರೆ ಕಂದು ರಾಡಿಯಾಗುತ್ತದೆ. ಬೆಳಕಿನಲ್ಲಿ ಅವೆರಡೂ ಸೇರಿದರೆ ಹಳದಿ! ಕೆಂಪನ್ನು ಪೂರ್ತಿ ಉರಿಸಿ, ಹಸಿರನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಸಿ, ನೀಲಿಯನ್ನು ಆರಿಸಿದರೆ ಶ್ರೀನಿವಾಸಪುರದ ಮಾವಿನಹಣ್ಣಿನ ಬಣ್ಣ ಗೋಡೆಗೆ ಬರುತ್ತದೆ. ಹಸಿರನ್ನು ಬಹಳ ತಗ್ಗಿಸಿದರೆ ಕೋಲಾರದ ಮಂಡಿಯ ಟೊಮೆಟೊ. ಮೂರನ್ನೂ ಪೂರ್ತಿ ಉರಿಸಿದರೆ ಬಿಳುಪು.

ಈ ಮೂವರಲ್ಲಿ ನೀಲಿಯೇ ಕಡೆಯವನು. ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೋಲೋನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಪ್ರಕಾಶಮಾನವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು. ನೀಲಿ ಸಿಗದೆ ಬಿಳಿಯೂ ಇಲ್ಲ. ಇಂದು ನಮ್ಮ ಮನೆಗಳಲ್ಲಿ ಉರಿಯುವ ಎಲ್‌ಇಡಿ ಬಲ್ಬುಗಳು ಆ ನೀಲಿಯ ಮೊಮ್ಮಕ್ಕಳು.

ಅಳತೆಯಿಂದ ಆರಂಭ

ಅಂಗಡಿಗೆ ಓಡುವ ಮುನ್ನ ಸ್ಕೇಲು ಹಿಡಿಯಿರಿ. 24 ಇಂಚಿನ ಮಾನಿಟರ್ ಎಂದರೆ ಕರ್ಣದ ಅಳತೆ. ಅದರ ಅಗಲ ಸುಮಾರು 53 ಸೆಂಟಿಮೀಟರ್, ಎತ್ತರ 30. ಮೀಟರಿಗೆ 30 ದೀಪಗಳಿರುವ ಪಟ್ಟಿ ತಂದರೆ ಮೇಲೆ 15, ಕೆಳಗೆ 15, ಎರಡು ಪಕ್ಕಗಳಲ್ಲಿ ಒಂಬತ್ತೊಂಬತ್ತು. ಒಟ್ಟು 48 ದೀಪ. ಎರಡು ಮೀಟರ್ ಪಟ್ಟಿ ಧಾರಾಳವಾಗಿ ಸಾಕು.

ಬೇಕಾಗುವ ಸಾಮಾನು ಇಷ್ಟೇ: 'ಡಬ್ಲ್ಯುಎಸ್ 2812ಬಿ' ಜಾತಿಯ 5 ವೋಲ್ಟಿನ ದೀಪದ ಪಟ್ಟಿ, 'ಆರ್ಡಿನೊ ಯುನೊ' ಎಂಬ ಪುಟ್ಟ ನಿಯಂತ್ರಕ ಫಲಕ, 5 ವೋಲ್ಟ್ 4 ಆಂಪಿಯರಿನ ಅಡಾಪ್ಟರ್, 470 ಓಮ್‌ನ ಒಂದು ರೆಸಿಸ್ಟರ್, 1000 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್ ಮತ್ತು ಒಂದಿಷ್ಟು ತಂತಿ. ನಮ್ಮ ಹುಡುಗ ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಎಲ್ಲವನ್ನೂ ತಂದಿದ್ದ. ಖರ್ಚು ಎರಡು ಸಾವಿರ ರೂಪಾಯಿಯ ಆಸುಪಾಸು. ಹಬ್ಬಕ್ಕೆ ಬಂದ ದುಡ್ಡು ಕೂಡಿಟ್ಟಿದ್ದನಂತೆ.

ಅಡಾಪ್ಟರು 4 ಆಂಪಿಯರಿನದೇ ಏಕೆ? ಪೂರ್ತಿ ಬಿಳಿಯಾಗಿ ಉರಿದಾಗ ಒಂದು ದೀಪ ಹೆಚ್ಚೆಂದರೆ 60 ಮಿಲಿಆಂಪಿಯರ್ ಎಳೆಯುತ್ತದೆ. 48 ದೀಪಗಳಿಗೆ 2,880 ಮಿಲಿಆಂಪಿಯರ್, ಅಂದರೆ ಹೆಚ್ಚುಕಡಿಮೆ 2.9 ಆಂಪಿಯರ್. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರ್ ಮಾತ್ರ. ಪಟ್ಟಿಯನ್ನು ಅದಕ್ಕೇ ಸಿಕ್ಕಿಸಿದರೆ ಒಂಟೆತ್ತಿನ ಮೇಲೆ ಆರೆತ್ತಿನ ಹೊರೆ ಹೇರಿದಂತೆ. ಆದ್ದರಿಂದ ದೀಪಗಳಿಗೆ ಬೇರೆ ಅಡಾಪ್ಟರ್ ಇರಲೇಬೇಕು.

ಪಂಕ್ತಿಯಲ್ಲಿ ಎಲೆ ದಾಟಿಸುವ ಲೆಕ್ಕ

48 ದೀಪಕ್ಕೆ 48 ಜೊತೆ ತಂತಿ ಬೇಡವೆ ಎಂದು ಕೇಳಬಹುದು. ಬೇಡ. ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ಬಾಳೆಎಲೆಯ ಕಟ್ಟು ಮೊದಲಿನವನ ಕೈಗೆ ಬರುತ್ತದೆ. ಅವನು ತನಗೊಂದು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುತ್ತಾನೆ. ಈ ದೀಪಗಳದ್ದೂ ಅದೇ ಕ್ರಮ. ಒಂದೇ ತಂತಿಯಲ್ಲಿ ಎಲ್ಲರ ಬಣ್ಣದ ಸಂಖ್ಯೆಗಳೂ ಬರುತ್ತವೆ. ಪ್ರತಿ ದೀಪದಲ್ಲೂ ಒಂದು ಪುಟ್ಟ ಚಿಪ್ ಇದ್ದು, ಅದು ಮೊದಲ 24 ಬಿಟ್‌ಗಳನ್ನು ತನಗೆಂದು ಹಿಡಿದಿಟ್ಟುಕೊಂಡು ಉಳಿದವನ್ನು ಮುಂದಿನ ದೀಪಕ್ಕೆ ಕಳಿಸುತ್ತದೆ. ಒಂದು ಬಿಟ್‌ಗೆ ತಗಲುವ ಕಾಲ ಸೆಕೆಂಡಿನ ಹತ್ತು ಲಕ್ಷದ ಭಾಗದಲ್ಲಿ ಒಂದೂಕಾಲರಷ್ಟು. 48 ದೀಪಗಳಿಗೂ ಹಂಚಿ ಮುಗಿಸಲು ಸೆಕೆಂಡಿನ ಸಾವಿರದ ಭಾಗದಲ್ಲಿ ಒಂದೂವರೆ ಸಾಕು. ಪಟ್ಟಿಯ ಮೇಲೆ ಬಾಣದ ಗುರುತಿರುತ್ತದೆ. ಸಂಕೇತ ಹರಿಯುವುದು ಆ ದಿಕ್ಕಿಗೆ ಮಾತ್ರ. ಅದನ್ನು ನೋಡದೆ ಉಲ್ಟಾ ಅಂಟಿಸಿ ಪೇಚಿಗೆ ಸಿಕ್ಕವರು ಬಹಳ ಮಂದಿ.

ಯಾವ ದೀಪಕ್ಕೆ ಯಾವ ಬಣ್ಣ ಎಂದು ತೀರ್ಮಾನಿಸುವುದು ಕಂಪ್ಯೂಟರಿನ ಕೆಲಸ. 'ಹೈಪೀರಿಯನ್', 'ಪ್ರಿಸ್ಮ್ಯಾಟಿಕ್' ಎಂಬ ಉಚಿತ ತಂತ್ರಾಂಶಗಳು ಇದಕ್ಕೆಂದೇ ಇವೆ. ಆರ್ಡಿನೊ ಫಲಕದೊಳಗೆ 'ಅಡಾಲೈಟ್' ಎಂಬ ಸಣ್ಣ ಪ್ರೋಗ್ರಾಂ ತುಂಬಿಸಿದರೆ ಅವೆರಡರ ಮಾತುಕತೆ ಆರಂಭವಾಗುತ್ತದೆ.

ಒಳಗೆ ನಡೆಯುವುದು ಹೈಸ್ಕೂಲಿನ ಗಣಿತ. ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿವೆ ಎನ್ನಿ. ಮೇಲಂಚನ್ನು 15 ಭಾಗ ಮಾಡಿದರೆ ಒಂದೊಂದು ಭಾಗಕ್ಕೆ 128 ಚುಕ್ಕೆ. ಪಕ್ಕದ ಅಂಚನ್ನು 9 ಭಾಗ ಮಾಡಿದರೆ ಒಂದೊಂದಕ್ಕೆ 120. ಆ ತುಂಡಿನಲ್ಲಿರುವ ಚುಕ್ಕೆಗಳ ಕೆಂಪಿನ ಸರಾಸರಿ, ಹಸಿರಿನ ಸರಾಸರಿ, ನೀಲಿಯ ಸರಾಸರಿ ತೆಗೆದರೆ ಅದೇ ಆ ದೀಪದ ಬಣ್ಣ. ನಾಲ್ಕು ಚುಕ್ಕೆಗಳ ಕೆಂಪು 240, 240, 240, 40 ಇದ್ದರೆ ಮೊತ್ತ 760, ಸರಾಸರಿ 190. "ಈ ಸರಾಸರಿ ಎಲ್ಲಿಗೆ ಬೇಕು ಸಾರ್?" ಎಂದು ತರಗತಿಯಲ್ಲಿ ಕೇಳುವ ಹುಡುಗರಿಗೆ ಗೋಡೆಯೇ ಉತ್ತರ ಹೇಳುತ್ತದೆ.

ಇನ್ನೆರಡು ತಿದ್ದುಪಡಿ ಬೇಕು. ಒಂದು, ಚಿತ್ರ ಪಕ್ಕನೆ ಬದಲಾದಾಗ ಗೋಡೆ ಮಿಣಮಿಣ ಎನ್ನಬಾರದು. ಅದಕ್ಕೆ ಹಳೆಯ ಬಣ್ಣದ ಮುಕ್ಕಾಲು ಪಾಲಿಗೆ ಹೊಸ ಬಣ್ಣದ ಕಾಲು ಪಾಲನ್ನು ಸೇರಿಸುತ್ತ ಹೋಗುತ್ತಾರೆ. ಎರಡು, ನಮ್ಮ ಕಣ್ಣು ಬೆಳಕನ್ನು ನೇರ ಲೆಕ್ಕದಲ್ಲಿ ಅಳೆಯುವುದಿಲ್ಲ. 255ರಲ್ಲಿ 128 ಕೊಟ್ಟರೆ ಅರ್ಧ ಬೆಳಕು ಎಂದು ಕಾಗದ ಹೇಳುತ್ತದೆ. ಕಣ್ಣಿಗದು ಅರ್ಧಕ್ಕಿಂತ ಎಷ್ಟೋ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ತಂತ್ರಾಂಶದಲ್ಲಿ 'ಗಾಮಾ' ಎಂಬ ತಿದ್ದುಪಡಿ ಇರುತ್ತದೆ. ಅದನ್ನು 2.5ಕ್ಕೆ ಇಟ್ಟರೆ 128 ಎಂಬುದು ಸುಮಾರು 45ಕ್ಕೆ ಇಳಿದು, ಬಣ್ಣಗಳು ಹದಕ್ಕೆ ಬರುತ್ತವೆ.

ಗೋಡೆಯ ಬಣ್ಣವನ್ನೂ ಮರೆಯಬೇಡಿ. ನಮ್ಮ ಕಡೆ ಹಸಿರೋ ನೀಲಿಯೋ ಬಳಿದ ಮನೆಗಳೇ ಹೆಚ್ಚು. ಹಸಿರು ಗೋಡೆಯ ಮೇಲೆ ಕೆಂಪು ಬೆಳಕು ಬಿದ್ದರೆ ಮಂಕಾಗುತ್ತದೆ. ಮಾನಿಟರಿನ ಹಿಂದೆ ಬಿಳಿ ಡ್ರಾಯಿಂಗ್ ಹಾಳೆ ಅಂಟಿಸಿದರೆ ಆಯಿತು.

ಕೆಂಪು ಮೂಲೆ ಮತ್ತು ಚಿನ್ನದ ಗಣಿ

ಈಗ ಆ ಕೆಂಪು ಮೂಲೆಗೆ ಬರೋಣ. ಹುಡುಗನ ಅಡಾಪ್ಟರ್ ಕೋಣೆಯ ಇನ್ನೊಂದು ಮೂಲೆಯ ಪ್ಲಗ್ಗಿನಲ್ಲಿತ್ತು. ಅಲ್ಲಿಂದ ಮೇಜಿನವರೆಗೆ ಮೂರು ಮೀಟರ್ ಹಳೆಯ ಟೆಲಿಫೋನ್ ತಂತಿ ಎಳೆದಿದ್ದ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಎಳೆ. ಅದರ ರೋಧ ಮೀಟರಿಗೆ ಸುಮಾರು 0.09 ಓಮ್. ಹೋಗಲು ಮೂರು, ಬರಲು ಮೂರು. ಆರು ಮೀಟರಿಗೆ ಅರ್ಧ ಓಮ್‌ಗೆ ಸ್ವಲ್ಪ ಹೆಚ್ಚು.

"ಓಮನ ನಿಯಮ ಹಾಕು ನೋಡೋಣ" ಎಂದೆ. ಅವನೇ ಗುಣಿಸಿದ. ಅರ್ಧ ಓಮ್, 2.9 ಆಂಪಿಯರ್, ಸುಮಾರು ಒಂದೂವರೆ ವೋಲ್ಟ್. ಅಂದರೆ ಪೂರ್ತಿ ಬಿಳಿ ಬೇಕೆಂದಾಗ 5 ವೋಲ್ಟಿನಲ್ಲಿ ಒಂದೂವರೆ ವೋಲ್ಟನ್ನು ದಾರಿಯಲ್ಲೇ ತಂತಿ ನುಂಗಿ, ಬಿಸಿಯಾಗಿ ಕಳೆಯುತ್ತಿತ್ತು. ಪಟ್ಟಿಯೊಳಗಿನ ತೆಳ್ಳನೆಯ ತಾಮ್ರವೂ ತನ್ನ ಪಾಲು ಕೇಳುತ್ತಿತ್ತು. ಕೆಂಪು ಕಿರುದೀಪಕ್ಕೆ ಸುಮಾರು 2 ವೋಲ್ಟ್ ಇದ್ದರೆ ಸಾಕು. ನೀಲಿ, ಹಸಿರುಗಳಿಗೆ 3 ವೋಲ್ಟಿನಷ್ಟು ಬೇಕು. ವೋಲ್ಟೇಜು ಕುಸಿದಾಗ ಮೊದಲು ಸೊರಗುವವು ಅವೇ. ಉಳಿಯುವುದು ಕೆಂಪು. ಬೇರೆ ಬಣ್ಣಗಳಲ್ಲಿ ಎಲ್ಲ ಕಿರುದೀಪಗಳೂ ಒಟ್ಟಿಗೆ ಪೂರ್ತಿ ಉರಿಯದ ಕಾರಣ ಕರೆಂಟು ಕಡಿಮೆ, ಕಳವೂ ಕಡಿಮೆ. ಹಾಗಾಗಿ ತೊಂದರೆ ಬಿಳಿಯಲ್ಲಷ್ಟೇ ಬಯಲಾಗಿತ್ತು.

"ಇದೇ ತೊಂದರೆ ನಮ್ಮ ಜಿಲ್ಲೆಯಲ್ಲಿ ನೂರಿಪ್ಪತ್ತು ವರ್ಷದ ಹಿಂದೆಯೂ ಎದುರಾಗಿತ್ತು ಗೊತ್ತೇನೋ?" ಎಂದೆ. ಅವನಿಗೆ ನಂಬಿಕೆ ಬರಲಿಲ್ಲ.

ಕಾವೇರಿಯ ಶಿವನಸಮುದ್ರದಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರ ಜೂನ್‌ನಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಯೋಜನೆ. ಅದರ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ದೂರ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಲೋಕದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ.

ಗಣಿಗಳಿಗೆ ಮೊದಲು ಬೇಕಿದ್ದದ್ದು ಸುಮಾರು 4,000 ಅಶ್ವಶಕ್ತಿ, ಅಂದರೆ ಸುಮಾರು 30 ಲಕ್ಷ ವಾಟ್. ಅದನ್ನು ನಮ್ಮ ಮನೆಗಳಲ್ಲಿರುವ 230 ವೋಲ್ಟಿನಲ್ಲೇ ಕಳಿಸಲು ಹೊರಟಿದ್ದರೆ ಕರೆಂಟು 13,000 ಆಂಪಿಯರ್! ತಂತಿಯಲ್ಲಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಅಷ್ಟನ್ನು ತಾಳುವ ತಾಮ್ರದ ತಂತಿ ಎಳೆಯಲು ಗಣಿಯ ಚಿನ್ನವನ್ನೆಲ್ಲ ಮಾರಿದರೂ ಸಾಲುತ್ತಿತ್ತೋ ಇಲ್ಲವೋ. ಎಂಜಿನಿಯರರು ವೋಲ್ಟೇಜನ್ನು ಮೂವತ್ತು ಸಾವಿರದ ಆಸುಪಾಸಿಗೆ ಏರಿಸಿದರು. ಸರಳ ಲೆಕ್ಕದಲ್ಲಿ ಕರೆಂಟು ನೂರು ಆಂಪಿಯರಿನ ಸುಮಾರಿಗೆ ಇಳಿಯಿತು. ನಷ್ಟ ತಪ್ಪಿಸಲು ಎರಡೇ ದಾರಿ: ತಂತಿಯನ್ನು ದಪ್ಪ ಮಾಡು, ಇಲ್ಲವೇ ವೋಲ್ಟೇಜನ್ನು ಏರಿಸು. ಅವರು ಎರಡನೆಯದನ್ನು ಹಿಡಿದರು.

ನಮ್ಮ ಪಟ್ಟಿ 5 ವೋಲ್ಟಿಗಿಂತ ಹೆಚ್ಚು ತಾಳದು. ಆದ್ದರಿಂದ ನಾವು ಮೊದಲ ದಾರಿ ಹಿಡಿದೆವು. ಮನೆ ವೈರಿಂಗಿನಲ್ಲಿ ಉಳಿದಿದ್ದ 1.5 ಚದರ ಮಿಲಿಮೀಟರ್ ತಂತಿಯನ್ನು ಅಕ್ಕ ಅಟ್ಟದಿಂದ ಇಳಿಸಿಕೊಟ್ಟಳು. ಅದರಲ್ಲಿ ಆರು ಮೀಟರಿಗೆ ರೋಧ 0.07 ಓಮ್, ಕಳೆಯುವುದು 0.2 ವೋಲ್ಟ್ ಮಾತ್ರ. ಆ ತಂತಿಯನ್ನು ಪಟ್ಟಿಯ ಎರಡೂ ತುದಿಗೆ ಕೊಟ್ಟೆವು. ಬಿಳಿ ಪುಟ ತೆರೆದ ಕೂಡಲೇ ಗೋಡೆ ಬೆಳ್ಳಗೆ ಬೆಳಗಿತು. ಹುಡುಗ ಕುರ್ಚಿಯಿಂದ ಎದ್ದೇ ಬಿಟ್ಟ.

ಜೋಡಿಸುವಾಗ ಜೋಕೆ

ಅಡಾಪ್ಟರಿನ ಒಳಗಿರುವುದು 230 ವೋಲ್ಟ್. ಅದನ್ನು ಬಿಚ್ಚುವ ಮಾತೇ ಬೇಡ. ಬಿಐಎಸ್ ಗುರುತಿರುವ, ಮುಚ್ಚಿದ ಅಡಾಪ್ಟರನ್ನೇ ಕೊಳ್ಳಿ. ನಿಮ್ಮ ಕೈಯಾಡುವುದೆಲ್ಲ ಅದರಾಚೆಯ 5 ವೋಲ್ಟಿನ ಭಾಗದಲ್ಲಿ ಮಾತ್ರ ಇರಲಿ. ಅಲ್ಲೂ ತಂತಿ ಬದಲಿಸುವಾಗ ಪ್ಲಗ್ ಕಿತ್ತಿರಬೇಕು. 5 ವೋಲ್ಟ್ ಶಾಕ್ ಹೊಡೆಯುವುದಿಲ್ಲ. ಆದರೆ ತುದಿಗಳು ಒಂದಕ್ಕೊಂದು ತಾಗಿದರೆ 4 ಆಂಪಿಯರ್ ತಂತಿಯನ್ನು ಸುಡುವಷ್ಟು ಕಾಯಿಸಬಲ್ಲದು.

ಅಡಾಪ್ಟರಿನ ಧನ, ಋಣಗಳನ್ನು ಪಟ್ಟಿಯ ಧನ, ಋಣಗಳಿಗೆ ಜೋಡಿಸಿ. ಅವುಗಳ ನಡುವೆ ಕೆಪ್ಯಾಸಿಟರ್ ಇರಲಿ. ಅದಕ್ಕೂ ಧನ ಋಣ ಉಂಟು, ಅದಲುಬದಲಾದರೆ ಸಿಡಿಯುತ್ತದೆ. ಆರ್ಡಿನೊ ಫಲಕದಿಂದ ಬರುವ ಸಂಕೇತದ ತಂತಿಯಲ್ಲಿ ರೆಸಿಸ್ಟರ್ ಹಾಕಿ. ಫಲಕದ 'ಗ್ರೌಂಡ್' ಮತ್ತು ಅಡಾಪ್ಟರಿನ ಋಣ ಒಂದಕ್ಕೊಂದು ಸೇರಿರಬೇಕು. ಇದನ್ನು ಮರೆತರೆ ದೀಪಗಳು ತಲೆಕೆಟ್ಟಂತೆ ಮಿನುಗುತ್ತವೆ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ದೊಡ್ಡವರು ಪಕ್ಕದಲ್ಲಿರಲಿ, ಮುಗಿದ ಮೇಲೆ ಕೈ ತೊಳೆಯಿರಿ. ಪಟ್ಟಿ ಅಂಟಿಸುವಾಗ ಮಾನಿಟರಿನ ಗಾಳಿಕಿಂಡಿಗಳನ್ನು ಮುಚ್ಚಬೇಡಿ.

ತಂದೆತಾಯಿಗಳಿಗೆ ಎರಡು ಮಾತು

ಕರೆಂಟ್ ಬಿಲ್ಲಿನ ಚಿಂತೆ ಬೇಡ. ಎಲ್ಲ ದೀಪಗಳೂ ಪೂರ್ತಿ ಉರಿದರೆ ಪಟ್ಟಿ ಎಳೆಯುವುದು ಸುಮಾರು 14 ವಾಟ್. ದಿನಕ್ಕೆ ಮೂರು ಗಂಟೆಯಂತೆ ತಿಂಗಳೆಲ್ಲ ಉರಿಸಿದರೂ ಒಂದೂಕಾಲು ಯೂನಿಟ್ಟಿನ ಆಸುಪಾಸು.

ಚಿಂತಿಸಬೇಕಾದ್ದು ಓದಿನ ಬಗ್ಗೆ. ಪುಸ್ತಕ ಹಿಡಿದು ಕುಳಿತ ಮಗುವಿನ ಎದುರು ಗೋಡೆ ಬಣ್ಣ ಬದಲಿಸುತ್ತಿದ್ದರೆ ಮನಸ್ಸು ಅತ್ತಲೇ ಓಡುತ್ತದೆ. ಓದುವ ಹೊತ್ತಿನಲ್ಲಿ ಪಟ್ಟಿಯನ್ನು ಕದಲದ, ಮಂದವಾದ ಬಿಳಿಗೆ ಕಟ್ಟಿಹಾಕಿ. ಕತ್ತಲ ಕೋಣೆಯಲ್ಲಿ ಹೊಳೆಯುವ ಪರದೆಯನ್ನೊಂದೇ ನೋಡುವುದು ಕಣ್ಣಿಗೆ ಹಿತವಲ್ಲ. ಸಿನಿಮಾಗಳ ಬಣ್ಣ ತಿದ್ದುವ ತಂತ್ರಜ್ಞರೂ ತಮ್ಮ ಪರದೆಯ ಹಿಂದೆ ಇಂಥ ಕದಲದ ಬಿಳಿ ಬೆಳಕನ್ನೇ ಇಟ್ಟುಕೊಳ್ಳುತ್ತಾರೆ. ಹಾಗೆಂದು ಇದು ಕನ್ನಡಕಕ್ಕೆ ಬದಲಿಯಲ್ಲ, ಕೋಣೆಯ ದೀಪಕ್ಕೂ ಬದಲಿಯಲ್ಲ. ಇನ್ನೊಂದು ಮುಖ್ಯ ಮಾತು: ಮೂರ್ಛೆರೋಗ ಇರುವವರ ಮನೆಯಲ್ಲಿ ಮಿನುಗುವ ಬೆಳಕು ಅಪಾಯ ತರಬಹುದು. ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ.

ಮಗು ಹೀಗೇನಾದರೂ ಮಾಡುತ್ತೇನೆಂದರೆ 'ಹಾಳು ಖರ್ಚು' ಎಂದು ಬಾಯಿ ಮುಚ್ಚಿಸುವ ಮುಂಚೆ ಒಂದು ಷರತ್ತು ಹಾಕಿ ನೋಡಿ. ಎಷ್ಟು ದೀಪ, ಎಷ್ಟು ಆಂಪಿಯರ್, ಎಷ್ಟು ದಪ್ಪದ ತಂತಿ ಎಂಬ ಲೆಕ್ಕವನ್ನು ಸಾಮಾನು ತರುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದು ನಿಮಗೆ ಅರ್ಥವಾಗುವಂತೆ ಹೇಳಬೇಕು. ಹೇಳಲು ಬಂದರೆ ಅದೂ ಓದೇ.

ಅಕ್ಕ ಈ ಷರತ್ತನ್ನು ಅವತ್ತೇ ಜಾರಿಗೆ ತಂದಳು. ಸೊಪ್ಪು ಬಿಡಿಸುತ್ತ ಕುಳಿತು, "ಅದೇನು ಲೆಕ್ಕ ಹಾಕಿದೆಯೋ ನನಗೂ ಹೇಳು" ಎಂದಳು. ಹುಡುಗ ತಂತಿ, ಓಮು, ಗಣಿ ಎಲ್ಲ ಹೇಳಿದ. ಕೇಳಿ ಮುಗಿದ ಮೇಲೆ ಅವಳದೊಂದೇ ಪ್ರಶ್ನೆ: "1902ರಲ್ಲಿ ಗಣಿಗೆ ಕರೆಂಟು ಬಂತು ಅಂತೀರಲ್ಲ, ನಮ್ಮ ಹಳ್ಳಿಗಳಿಗೂ ಬಂತಾ?"

ಇಲ್ಲ. ಆ ತಂತಿ ಎಳೆದದ್ದು ಗಣಿಗಾಗಿ. ಹಳ್ಳಿಗಳ ಸರದಿ ಬಂದದ್ದು ದಶಕಗಳ ನಂತರ. ನಮ್ಮಮ್ಮ ಮಗ್ಗಿ ಕಲಿತದ್ದು ಬುಡ್ಡಿದೀಪದ ಮುಂದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮಗನ ಕಡೆ ತಿರುಗಿ, "ಸರಿ, ಆ ಬಿಳೀ ದೀಪ ಹಾಕಿಕೊಂಡು ಈಗ ಓದಕ್ಕೆ ಕೂತ್ಕೊ" ಎಂದಳು.